ಸಿಡ್ನಿಯಲ್ಲಿ ಮನೆ ಕಟ್ಟೋದಕ್ಕೆ ಯಾಕಿಷ್ಟು ಜಗಳ? ಹ್ಯಾಬರ್‌ಫೀಲ್ಡ್ ಎಂಬ ಹಳೇ ಬಡಾವಣೆಯಿಂದ ಶುರುಮಾಡೋಣ

ಸಿಡ್ನಿಯಿಂದ ಬರುವ ಸುದ್ದಿಗಳನ್ನು ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. ಮನೆ ಸಿಗುತ್ತಿಲ್ಲ, ಬಾಡಿಗೆ ಕೈಗೆಟಕುತ್ತಿಲ್ಲ ಅಂತ ಒಂದು ಸುದ್ದಿ. ಮನೆ ಕಟ್ಟಲು ಸರ್ಕಾರ ಅನುಮತಿ ಕೊಟ್ಟರೆ ಊರವರು ಬೋರ್ಡು ಹಿಡಿದು ಬೇಡ ಬೇಡ ಅನ್ನುತ್ತಿದ್ದಾರೆ ಅಂತ ಪಕ್ಕದಲ್ಲೇ ಇನ್ನೊಂದು. 2024ರಲ್ಲಿ ಕುರಿಂಗೈ ಎಂಬ ಸ್ಥಳೀಯ ಕೌನ್ಸಿಲ್ ತನ್ನದೇ ರಾಜ್ಯ ಸರ್ಕಾರವನ್ನು ಕೋರ್ಟಿಗೆ ಎಳೆಯಿತು. ಸರ್ಕಾರ ಮಾಡಿದ ತಪ್ಪೇನು? ರೈಲು ಸ್ಟೇಷನ್ ಪಕ್ಕ ಆರು ಅಂತಸ್ತಿನ ಅಪಾರ್ಟ್‌ಮೆಂಟಿಗೆ ಅವಕಾಶ ಕೊಟ್ಟಿದ್ದು, ಅಷ್ಟೇ.

ನೂರು, ನೂರಿಪ್ಪತ್ತು ವರ್ಷದ ಹೆಂಚಿನ ಮನೆಗಳಿಗೆ ಇಷ್ಟೊಂದು ರಂಪ ಯಾಕೆ ಅಂತ ಅನ್ನಿಸೋದು ಸಹಜ. ಆದರೆ ಈ ಜಗಳದ ಬೇರು ನೆಲದ ಬೆಲೆಗಿಂತ ಹಳೆಯದು. ಅದನ್ನು ಹುಡುಕಲು ನಗರದ ನಡುವಿನಿಂದ ಪಶ್ಚಿಮಕ್ಕೆ ಆರೇಳು ಕಿಲೋಮೀಟರ್ ದೂರದ ಹ್ಯಾಬರ್‌ಫೀಲ್ಡ್ ಒಳ್ಳೇ ಜಾಗ. ಆಸ್ಟ್ರೇಲಿಯಾದ ಮೊದಲ ಉದ್ಯಾನ ಬಡಾವಣೆ ಅಂತ ಅದಕ್ಕೆ ಹೆಸರು. ಈಗಿನ ಜನಸಂಖ್ಯೆ ಆರೂವರೆ ಸಾವಿರದ ಆಸುಪಾಸು. ಇವತ್ತು ಸಿಡ್ನಿಯ ಜನ ಯಾವುದನ್ನು ಉಳಿಸಬೇಕು ಅಂತ ಹೋರಾಡುತ್ತಿದ್ದಾರೋ ಅದು ಮೊದಲು ತಯಾರಾಗಿದ್ದು ಇಲ್ಲಿ. ತಯಾರಾಯಿತು ಅನ್ನೋ ಮಾತನ್ನು ಬೇಕಂತಲೇ ಬಳಸಿದ್ದೇನೆ.

ಸರ್ಕಾರ ಬದಲಾಯಿಸಿದ್ದೇನು?

ಮೊದಲು ಈಗಿನ ವಿಷಯ. 2024ರ ಜುಲೈ 1ರಿಂದ ಐದು ವರ್ಷದಲ್ಲಿ ದೇಶದಾದ್ಯಂತ 12 ಲಕ್ಷ ಹೊಸ ಮನೆ ಆಗಬೇಕು ಅಂತ ಆಸ್ಟ್ರೇಲಿಯಾದ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಗುರಿ ಇಟ್ಟುಕೊಂಡಿವೆ. ಅದರಲ್ಲಿ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಪಾಲು 3,77,000. ಕ್ರಿಸ್ ಮಿನ್ಸ್ ನೇತೃತ್ವದ ಲೇಬರ್ ಸರ್ಕಾರ ಇದಕ್ಕಾಗಿ ಎರಡು ದೊಡ್ಡ ಬದಲಾವಣೆ ಮಾಡಿತು.

ಮೊದಲನೆಯದು 2024ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಆಯ್ದ ರೈಲು ಮತ್ತು ಮೆಟ್ರೋ ಸ್ಟೇಷನ್‌ಗಳ ಸುತ್ತ 400 ಮೀಟರ್ ಒಳಗೆ ಸುಮಾರು ಆರು ಅಂತಸ್ತಿನ ಕಟ್ಟಡ ಕಟ್ಟಬಹುದು. ಎರಡನೆಯದರ ಮುಖ್ಯ ಹಂತ ಶುರುವಾಗಿದ್ದು 2025ರ ಫೆಬ್ರವರಿ 28ಕ್ಕೆ. ಪಟ್ಟಿ ಮಾಡಿದ 171 ಪೇಟೆ ಮತ್ತು ಸ್ಟೇಷನ್‌ಗಳ ಸುತ್ತ 800 ಮೀಟರ್ ಒಳಗೆ ಸಾಲುಮನೆ, ಟೌನ್‌ಹೌಸ್, ಸಣ್ಣ ಅಪಾರ್ಟ್‌ಮೆಂಟುಗಳಿಗೆ ದಾರಿಯಾಯಿತು. ಅಪಾರ್ಟ್‌ಮೆಂಟಿಗೆ ಮೊದಲೇ ಅವಕಾಶ ಇದ್ದ ವಲಯಗಳಲ್ಲಿ ಹತ್ತಿರದ ಜಾಗಕ್ಕೆ ಆರು ಅಂತಸ್ತು, ಸ್ವಲ್ಪ ಆಚೆಗೆ ನಾಲ್ಕು.

ಇದಕ್ಕೂ ಮುಂಚೆ ಯಾವ ಬೀದಿಯಲ್ಲಿ ಏನು ಕಟ್ಟಬಹುದು ಅನ್ನೋದನ್ನು ಬಹುಮಟ್ಟಿಗೆ ಆಯಾ ಕೌನ್ಸಿಲ್‌ಗಳೇ ತೀರ್ಮಾನ ಮಾಡುತ್ತಿದ್ದವು. ಸಿಡ್ನಿಯಲ್ಲಿ ಅಂಥ ಕೌನ್ಸಿಲ್‌ಗಳು ಮೂವತ್ತಕ್ಕೂ ಜಾಸ್ತಿ ಇವೆ. ಅನೇಕ ಕಡೆ ಒಂದು ಸೈಟಿಗೆ ಒಂದೇ ಮನೆ ಅನ್ನೋ ನಿಯಮ. ರಾಜ್ಯ ಸರ್ಕಾರ ಆ ಅಧಿಕಾರದ ಮೇಲೆ ಕೈ ಇಟ್ಟಿತು. ಜಗಳದ ಅರ್ಧ ಭಾಗ ಇದೇ.

ಇನ್ನರ್ಧ ಪರಂಪರೆಯದು. ಒಂದೊಂದಾಗಿ ಪಟ್ಟಿಗೆ ಸೇರಿದ ಪಾರಂಪರಿಕ ಕಟ್ಟಡಗಳನ್ನು ಹೊಸ ನಿಯಮ ಮುಟ್ಟುವುದಿಲ್ಲ. ಆದರೆ ಇಡೀ ಬೀದಿಯನ್ನೋ ಬಡಾವಣೆಯನ್ನೋ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ ಕಡೆ ಪೂರ್ತಿ ವಿನಾಯಿತಿ ಕೊಟ್ಟಿಲ್ಲ. ಅಲ್ಲಿ ಅರ್ಜಿ ಹಾಕಬಹುದು. ಬೀದಿಯ ಪರಂಪರೆಗೆ ಧಕ್ಕೆ ಆಗುತ್ತದಾ ಅಂತ ಆಮೇಲೆ ನೋಡುತ್ತಾರೆ. ಹಳೇ ಬಡಾವಣೆಯವರ ನಿದ್ದೆ ಕೆಡಿಸಿದ್ದು ಈ ‘ಆಮೇಲೆ’.

ಹ್ಯಾಬರ್‌ಫೀಲ್ಡ್‌ಗೆ ರೈಲು ಸ್ಟೇಷನ್ ಇಲ್ಲ. ಹತ್ತಿರದ ಸ್ಟೇಷನ್ ಅಂದರೆ ಸಮ್ಮರ್ ಹಿಲ್, ಆಶ್‌ಫೀಲ್ಡ್. ಹಾಗಾಗಿ ಮೊದಲ ಬಾಣ ಅದಕ್ಕೆ ತಾಗಲಿಲ್ಲ. ಆದರೆ ಎರಡೂ ಕಡೆಯವರು ಉದಾಹರಣೆಗೆ ಅದನ್ನೇ ಎಳೆದು ತರುತ್ತಾರೆ. ಅದಕ್ಕೆ ಕಾರಣ ಅದು ಹುಟ್ಟಿದ ರೀತಿ.

ಪ್ಲೇಗಿನ ಮರುವರ್ಷ

ಇದು ಮೂಲದಲ್ಲಿ ವಂಗಲ್ ಎಂಬ ಮೂಲನಿವಾಸಿಗಳ ನೆಲ. ಬ್ರಿಟಿಷರು ಬಂದ ಮೇಲೆ 1803ರಲ್ಲಿ ಒಬ್ಬ ಅಧಿಕಾರಿಗೆ ಜಹಗೀರಿನ ಹಾಗೆ ಸಿಕ್ಕಿತು. ಎರಡು ವರ್ಷಕ್ಕೇ ಅದನ್ನು ಸಿಮಿಯನ್ ಲಾರ್ಡ್ ಎಂಬ ವ್ಯಾಪಾರಿ ಕೊಂಡ. ಕೈದಿಯಾಗಿ ಹಡಗಿನಲ್ಲಿ ಬಂದು ಆಮೇಲೆ ದೊಡ್ಡ ಸಾಹುಕಾರ ಆದವನು ಇವನು. ಮಗಳ ಮದುವೆಯಲ್ಲಿ ಜಮೀನು ರಾಮ್‌ಸೆ ಎಂಬ ಡಾಕ್ಟರ ಮನೆತನಕ್ಕೆ ಹೋಯಿತು. ಇವತ್ತಿನ ಅಂಗಡಿ ಬೀದಿಗೂ ರಾಮ್‌ಸೆ ಸ್ಟ್ರೀಟ್ ಅಂತಲೇ ಹೆಸರು.

1900ರಲ್ಲಿ ಸಿಡ್ನಿ ಬಂದರಿಗೆ ಪ್ಲೇಗ್ ಬಂತು. 303 ಜನಕ್ಕೆ ತಗುಲಿತು, 103 ಜನ ಸತ್ತರು. ಬಂದರಿನ ಪಕ್ಕದ ಇಕ್ಕಟ್ಟಾದ ಓಣಿಗಳು, ಒಂದಕ್ಕೊಂದು ಅಂಟಿದ ಮನೆಗಳು, ಹಿಂದಿನ ಗಲ್ಲಿಯ ಕೊಳಕು, ಇಲಿ, ಎಲ್ಲದರ ಮೇಲೂ ಜನರ ಸಿಟ್ಟು ತಿರುಗಿತು. ಸರ್ಕಾರ ಬಂದರಿನ ಅಂಚಿನ ಆಸ್ತಿಗಳನ್ನು ವಶಕ್ಕೆ ತೆಗೆದುಕೊಂಡು ಮನೆಗಳನ್ನು ಕೆಡವಿತು. ಒತ್ತೊತ್ತಾಗಿ ಬದುಕಿದರೆ ರೋಗ, ಬಿಡಿಬಿಡಿಯಾಗಿ ಇದ್ದರೆ ಆರೋಗ್ಯ ಅನ್ನೋ ನಂಬಿಕೆ ಗಟ್ಟಿಯಾಯಿತು. ಆಗಿನ ಕಾಲಕ್ಕೆ ಅದು ಸುಳ್ಳೂ ಆಗಿರಲಿಲ್ಲ. ಒಳಚರಂಡಿ ಇಲ್ಲದ ಕಡೆ ಜನ ಕಿಕ್ಕಿರಿದರೆ ಸಾಯುತ್ತಿದ್ದರು.

ಮರುವರ್ಷ, 1901ರಲ್ಲಿ, ರಿಚರ್ಡ್ ಸ್ಟಾಂಟನ್ ಎಂಬ ರಿಯಲ್ ಎಸ್ಟೇಟ್ ವ್ಯಾಪಾರಿ ರಾಮ್‌ಸೆಗಳ ಜಮೀನಿನಲ್ಲಿ 50 ಎಕರೆ ಕೊಂಡ. ಬಡಾವಣೆಗೆ ಅವನು ಕಟ್ಟಿದ ಘೋಷಣೆ ಇದು: ಕೊಳೆಗೇರಿ ಇಲ್ಲ, ಗಲ್ಲಿ ಇಲ್ಲ, ಪಬ್ ಇಲ್ಲ. ಮೂರು ‘ಇಲ್ಲ’ಗಳನ್ನು ಇಟ್ಟುಕೊಂಡು ಸೈಟು ಮಾರಿದವನು ಅವನು. ಪಬ್ ವಿಷಯದಲ್ಲಂತೂ ಮಾತು ಉಳಿದಿದೆ, ಇವತ್ತಿಗೂ ಅಲ್ಲಿ ಪಬ್ ಇಲ್ಲ.

ಗಲ್ಲಿ ಇಲ್ಲ ಅನ್ನೋದು ಯಾಕೆ ಅಷ್ಟು ದೊಡ್ಡ ಆಕರ್ಷಣೆ? ಹಳೇ ಬಡಾವಣೆಗಳಲ್ಲಿ ಮನೆಯ ಹಿತ್ತಲಿಗೆ ಹೊಂದಿಕೊಂಡು ಕಿರಿದಾದ ಗಲ್ಲಿ ಇರುತ್ತಿತ್ತು. ಮಲ ಹೊರುವ ಗಾಡಿ ರಾತ್ರಿ ಆ ದಾರಿಯಲ್ಲಿ ಬರುತ್ತಿತ್ತು. ಸ್ಟಾಂಟನ್ ತನ್ನ ಬಡಾವಣೆಗೆ ಮೊದಲೇ ಒಳಚರಂಡಿ ಎಳೆಸಿದ. ಪೈಪು ಹಿತ್ತಲ ಬೇಲಿಯ ಗುಂಟ ಹೋಯಿತು. ಗಾಡಿಯೇ ಬರಬೇಕಿಲ್ಲ ಅಂದಮೇಲೆ ಗಲ್ಲಿ ಯಾಕೆ? ಉಳಿದ ಜಾಗ ತೋಟಕ್ಕಾಯಿತು.

ಕ್ರಯಪತ್ರದೊಳಗೆ ಕೂತ ಕಾನೂನು

ಒಂದು ಸೈಟು ಅಂದಾಜು 50 ಅಡಿ ಅಗಲ, 150 ಅಡಿ ಉದ್ದ. ಅಂದರೆ 7,500 ಚದರ ಅಡಿ. ಬೆಂಗಳೂರಿನ 30–40 ಸೈಟು ಇದರಲ್ಲಿ ಆರು ಹಿಡಿಸುತ್ತವೆ. ಅಷ್ಟು ಜಾಗದಲ್ಲಿ ಕಟ್ಟಬೇಕಾದ್ದು ಒಂದೇ ಮನೆ. ಅದೂ ಒಂದೇ ಅಂತಸ್ತು. ಇಟ್ಟಿಗೆ ಅಥವಾ ಕಲ್ಲಿನ ಗೋಡೆ, ಸ್ಲೇಟ್ ಅಥವಾ ಹೆಂಚಿನ ಮಾಡು. ಇಂತಿಷ್ಟಕ್ಕಿಂತ ಕಡಿಮೆ ಖರ್ಚಿನ ಮನೆ ಕಟ್ಟುವ ಹಾಗಿಲ್ಲ. ಈ ಷರತ್ತುಗಳು ಸರ್ಕಾರದ ಕಾನೂನಿನಲ್ಲಿ ಇರಲಿಲ್ಲ. ಕೊಳ್ಳುವವನು ಸಹಿ ಹಾಕುವ ಕಾಗದದಲ್ಲೇ ಇದ್ದವು.

ಹಾಗಂತ ಮನೆಗಳೆಲ್ಲ ಒಂದೇ ಅಚ್ಚಿನವಲ್ಲ. ಸ್ಟಾಂಟನ್ ತನ್ನದೇ ವಾಸ್ತುಶಿಲ್ಪಿಗಳನ್ನು ಇಟ್ಟುಕೊಂಡಿದ್ದ, ಅವರಲ್ಲಿ ಜಾನ್ ಸ್ಪೆನ್ಸರ್ ಸ್ಟ್ಯಾನ್ಸ್‌ಫೀಲ್ಡ್ ಮುಖ್ಯ. ಒಂದು ಮನೆಯ ಹಾಗೆ ಇನ್ನೊಂದು ಇರಬಾರದು ಅಂತ ನೋಡಿಕೊಂಡರು. ಬೀದಿಯಲ್ಲಿ ನಿಂತು ನೋಡಿದರೆ ಇದು ಗೊತ್ತಾಗುತ್ತದೆ. ಕೆಂಪು ಇಟ್ಟಿಗೆಯ ಗೋಡೆ, ಇಟ್ಟಿಗೆಯ ಸಂದಿಗಳಲ್ಲಿ ದಾರದ ಹಾಗೆ ಎಳೆದ ಬಿಳಿ ಗಾರೆ ಗೆರೆ. ವರಾಂಡದ ಮರದ ಕಂಬದ ಮೇಲೆ ಕೊರೆದ ಜಾಲರಿ, ಒಂದು ಮನೆಗೆ ಸೂರ್ಯನ ಕಿರಣದ ಮಾದರಿ, ಪಕ್ಕದ್ದಕ್ಕೆ ಬಳ್ಳಿ. ಬಾಗಿಲ ಪಕ್ಕದ ಬಣ್ಣದ ಗಾಜಿನಲ್ಲಿ ಆಸ್ಟ್ರೇಲಿಯಾದ ಹೂವು, ಹಕ್ಕಿ. ಮಾಡಿನ ಹೆಂಚು ಮೊದಮೊದಲು ಫ್ರಾನ್ಸಿನ ಮಾರ್ಸೇಯಿಂದ ಹಡಗಿನಲ್ಲಿ ಬರುತ್ತಿತ್ತು. ಮೊದಲ ಮಹಾಯುದ್ಧ ಬಂದು ಹಡಗು ನಿಂತ ಮೇಲೆ ಸಿಡ್ನಿಯಲ್ಲೇ ಸುಡಲು ಶುರುಮಾಡಿದರು. ಬೀದಿಯ ಎರಡೂ ಬದಿ ಬ್ರಷ್‌ಬಾಕ್ಸ್ ಮರಗಳು, ಮನೆಯ ಮುಂದೆ ಗಿಡ್ಡ ಕಾಂಪೌಂಡು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಬೀದಿಗಳ ಸೊಬಗು ತಾನಾಗೇ ಬೆಳೆದು ಬಂದದ್ದಲ್ಲ. ಒಬ್ಬ ಸೈಟು ಮಾರುವವನು ಗಿರಾಕಿಗಳನ್ನು ಆರಿಸಿಕೊಳ್ಳಲು ಹಾಕಿದ ಷರತ್ತುಗಳಿಂದ ಬಂದದ್ದು. ಕನಿಷ್ಠ ಖರ್ಚಿನ ಷರತ್ತು ಹಾಕಿದ ಕೂಡಲೇ ಕೂಲಿಯವರು ಆಚೆ ಉಳಿದರು. ಕೊಳೆಗೇರಿ ಇಲ್ಲ ಅಂದರೆ ಕೊಳೆಗೇರಿಯವರು ಬರೋದು ಬೇಡ ಅಂತಲೂ ಅರ್ಥ ಆಯಿತಲ್ವಾ?

ಇದೇ ಆಲೋಚನೆಯನ್ನು ಸರ್ಕಾರ ಬಡವರಿಗಾಗಿ ಮಾಡಿ ನೋಡಿದ್ದೂ ಇದೆ. 1912ರಲ್ಲಿ ಶುರುವಾದ ಡೇಸಿವಿಲ್ ಎಂಬ ಬಡಾವಣೆಯಲ್ಲಿ ರಾಜ್ಯ ಸರ್ಕಾರ ತಾನೇ ಮನೆ ಕಟ್ಟಿ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟಿತು. ತೋಟ, ಅಗಲ ರಸ್ತೆ, ಗಾಳಿ, ಬೆಳಕು ಎಲ್ಲ ಅಲ್ಲೂ ಇತ್ತು. ಆದರೆ ಆ ಮಾದರಿ ಹೆಚ್ಚು ದೂರ ಹೋಗಲಿಲ್ಲ. ಗೆದ್ದಿದ್ದು ಸ್ಟಾಂಟನ್ ಮಾದರಿ. ಅದು ಇಡೀ ನಗರಕ್ಕೆ ಹರಡಿತು.

ಇನ್ನೊಂದು ವಿಚಿತ್ರ ಉದಾಹರಣೆಯನ್ನೂ ಇಲ್ಲೇ ಹೇಳಿಬಿಡಬೇಕು, ನಮ್ಮ ದೇಶದ ನಂಟು ಇರುವುದರಿಂದ. ಕ್ಯಾನ್‌ಬೆರಾ ನಗರದ ನಕ್ಷೆ ಮಾಡಿದ ವಾಲ್ಟರ್ ಬರ್ಲಿ ಗ್ರಿಫಿನ್ ಮತ್ತು ಅವನ ಹೆಂಡತಿ ಮೇರಿಯನ್ 1920ರ ದಶಕದಲ್ಲಿ ಸಿಡ್ನಿಯ ಕ್ಯಾಸಲ್‌ಕ್ರ್ಯಾಗ್ ಎಂಬ ಬಂಡೆಗುಡ್ಡದಲ್ಲಿ ಬಡಾವಣೆ ಮಾಡಿದರು. ಅಲ್ಲಿ ಷರತ್ತುಗಳು ಬೇರೆ. ಬೇಲಿ ಹಾಕಬೇಡಿ, ಕಾಡಿನ ಮರ ಕಡಿಯಬೇಡಿ, ಮನೆ ಗುಡ್ಡದೊಳಗೆ ಕರಗಿಹೋಗಲಿ. ದುಡ್ಡಿನ ದೃಷ್ಟಿಯಿಂದ ಅದು ಕುಂಟಿತು. ಗ್ರಿಫಿನ್ 1935ರಲ್ಲಿ ಲಖನೌ ವಿಶ್ವವಿದ್ಯಾಲಯದ ಗ್ರಂಥಾಲಯದ ಕೆಲಸಕ್ಕೆ ಭಾರತಕ್ಕೆ ಬಂದ, 1937ರಲ್ಲಿ ಲಖನೌನಲ್ಲೇ ತೀರಿಕೊಂಡ. ಅವನ ಸಮಾಧಿಯೂ ಅಲ್ಲೇ ಇದೆ. ಕ್ಯಾಸಲ್‌ಕ್ರ್ಯಾಗ್ ಮಾತ್ರ ಈಗ ಕೋಟ್ಯಧೀಶರ ಜಾಗ.

ಬೀದಿಗಳ ಹೆಸರು, ಬೀದಿಗೆ ಬಂದವರು

1901 ಆಸ್ಟ್ರೇಲಿಯಾ ಒಂದು ದೇಶವಾದ ವರ್ಷ. ಹೊಸ ದೇಶದ ಮೊದಲ ಸಚಿವ ಸಂಪುಟದವರ ಹೆಸರನ್ನೇ ಸ್ಟಾಂಟನ್ ಬೀದಿಗಳಿಗೆ ಇಟ್ಟ: ಬಾರ್ಟನ್, ಡೀಕಿನ್, ಫಾರೆಸ್ಟ್, ಕಿಂಗ್‌ಸ್ಟನ್, ಟರ್ನರ್. ಅದೇ ಸಂಪುಟ ಅದೇ ವರ್ಷ ವಲಸೆ ನಿರ್ಬಂಧ ಕಾಯ್ದೆ ತಂದಿತು. ಬಿಳಿಯರಲ್ಲದವರನ್ನು ದೇಶದೊಳಗೆ ಬಿಡದ ‘ಶ್ವೇತ ಆಸ್ಟ್ರೇಲಿಯಾ’ ನೀತಿಯ ಬುಡ ಅದು. ಅದರ ಕೊನೆಯ ಕುರುಹುಗಳು ಹೋಗಿದ್ದು 1973ರಲ್ಲಿ. ಬಡಾವಣೆಗೆ ಷರತ್ತು, ದೇಶಕ್ಕೂ ಷರತ್ತು. ಎರಡೂ ಒಂದೇ ಕಾಲದ ಮನಸ್ಸು.

ಆದರೆ ಊರು ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ. ಎರಡನೇ ಮಹಾಯುದ್ಧ ಆದಮೇಲೆ ಇಟಲಿಯಿಂದ ಸಾವಿರಾರು ಜನ ಸಿಡ್ನಿಗೆ ಬಂದರು. ಮೊದಲು ಪಕ್ಕದ ಲೈಕಾರ್ಟ್‌ನ ಸಣ್ಣ ಸಾಲುಮನೆಗಳಲ್ಲಿ ಇದ್ದರು. ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಕಾಲುವೆ ದಾಟಿ ಹ್ಯಾಬರ್‌ಫೀಲ್ಡ್‌ನಲ್ಲಿ ಮನೆ ಕೊಂಡರು. ಆಗ ಅದು ಬೆಲೆ ಬಿದ್ದ ಹಳೇ ಬಡಾವಣೆ, ಹೊಸಬರಿಗೆ ಎಟಕುತ್ತಿತ್ತು. ಹಿತ್ತಲಿನಲ್ಲಿ ಟೊಮೇಟೊ, ಅಂಜೂರ ಬಂತು. ರಾಮ್‌ಸೆ ಸ್ಟ್ರೀಟಿನಲ್ಲಿ ತಾಜಾ ಪಾಸ್ತಾ, ಚೀಸ್, ಕನೋಲಿ ಮಾರುವ ಅಂಗಡಿಗಳು ಎದ್ದವು. ಇವತ್ತು ಹ್ಯಾಬರ್‌ಫೀಲ್ಡ್ ಅಂದರೆ ಸಿಡ್ನಿಯವರ ಬಾಯಲ್ಲಿ ಮೊದಲು ಬರುವುದು ಈ ಅಂಗಡಿಗಳೇ.

ಹೊಸಬರು ಮನೆಗಳನ್ನು ತಮ್ಮ ಇಷ್ಟದ ಹಾಗೆ ಬದಲಾಯಿಸಿಕೊಂಡರು. ಮರದ ಕಿಟಕಿ ತೆಗೆದು ಅಲ್ಯೂಮಿನಿಯಂ ಹಾಕಿದರು, ವರಾಂಡಕ್ಕೆ ಇಟ್ಟಿಗೆಯ ಕಮಾನು ಕಟ್ಟಿದರು, ಅಂಗಳಕ್ಕೆ ಕಾಂಕ್ರೀಟು ಸುರಿದರು. ಕೆಲವರು ಮನೆಯನ್ನೇ ಕೆಡವಲು ಹೊರಟರು. ಇದನ್ನು ನೋಡಿ ಇನ್ನು ಕೆಲವು ನಿವಾಸಿಗಳು ಎಚ್ಚೆತ್ತರು. 1970ರ ದಶಕದ ಕೊನೆಗೆ ಬಡಾವಣೆ ಉಳಿಸುವ ಸಂಘ ಹುಟ್ಟಿತು. 1985ರಲ್ಲಿ ಆಶ್‌ಫೀಲ್ಡ್ ಕೌನ್ಸಿಲ್ ತನ್ನ ನಗರ ಯೋಜನೆಯಲ್ಲಿ ಹ್ಯಾಬರ್‌ಫೀಲ್ಡ್ ಅನ್ನು ಸಂರಕ್ಷಿತ ಪ್ರದೇಶ ಮಾಡಿತು. 2016ರಲ್ಲಿ ಆಶ್‌ಫೀಲ್ಡ್ ಸೇರಿ ಮೂರು ಕೌನ್ಸಿಲ್ ಒಂದಾಗಿ ಇನ್ನರ್ ವೆಸ್ಟ್ ಕೌನ್ಸಿಲ್ ಆಯಿತು. ನಿಯಮಗಳು ಮುಂದುವರಿದವು.

ಅಂದರೆ ಸ್ಟಾಂಟನ್ ಕಾಗದದ ಷರತ್ತು 84 ವರ್ಷದ ಮೇಲೆ ಸರ್ಕಾರಿ ನಿಯಮ ಆಯಿತು. ಮನೆ ದೊಡ್ಡದು ಮಾಡಬೇಕಾದರೆ ಹಿಂದಕ್ಕೆ ಮಾಡಿ, ಬೀದಿಗೆ ಕಾಣದ ಹಾಗೆ ಇರಲಿ. ಮೇಲೆ ಕೋಣೆ ಬೇಕಾ, ಮಾಡಿನ ಒಳಗೇ ಹೊಂದಿಸಿಕೊಳ್ಳಿ. ಗ್ಯಾರೇಜು ಮುಂದುಗಡೆ ಬೇಡ. ಮಾರಾಟದ ತಂತ್ರವಾಗಿ ಹುಟ್ಟಿದ್ದು ಪರಂಪರೆ ಅಂತ ಕರೆಸಿಕೊಂಡಿತು. ತಪ್ಪು ಅಂತಲ್ಲ. ನೂರು ವರ್ಷ ಉಳಿದರೆ ಯಾವುದಕ್ಕೂ ಆ ಹಕ್ಕು ಬರುತ್ತದೆ. ಆದರೆ ಅದರ ಮೂಲ ಗೊತ್ತಿದ್ದರೆ ಈಗಿನ ವಾದಗಳನ್ನು ಕೇಳುವ ಕಿವಿ ಬದಲಾಗುತ್ತದೆ.

ಬೇಡ ಅನ್ನುವವರು ಏನಂತಾರೆ?

ಇವರನ್ನು ಸುಮ್ನೆ ಸ್ವಾರ್ಥಿಗಳು ಅಂತ ತಳ್ಳಿಹಾಕೋದು ಸುಲಭ. ‘ನನ್ನ ಹಿತ್ತಲಲ್ಲಿ ಬೇಡ’ ಅನ್ನುವವರು ಎಂಬ ಅರ್ಥದಲ್ಲಿ ಇವರಿಗೆ ‘ನಿಂಬಿ’ ಅಂತ ಹಣೆಪಟ್ಟಿಯೂ ಇದೆ. ಆದರೆ ಇವರ ಮಾತಿನಲ್ಲಿ ಹುರುಳಿದೆ.

ಮೊದಲನೆಯದು ನಂಬಿಕೆಯ ಪ್ರಶ್ನೆ. ವೆಸ್ಟ್‌ಕನೆಕ್ಸ್ ಎಂಬ ಬೃಹತ್ ಟೋಲ್ ರಸ್ತೆಯ ಸುರಂಗ ಹ್ಯಾಬರ್‌ಫೀಲ್ಡ್‌ನಲ್ಲಿ ಬಾಯಿ ತೆರೆಯುತ್ತದೆ. ಅದಕ್ಕಾಗಿ ಹತ್ತು ವರ್ಷದ ಹಿಂದೆ ವಾಟಲ್ ಸ್ಟ್ರೀಟ್ ಮತ್ತು ಪರಮಾಟಾ ರೋಡ್ ಬದಿಯ ಹತ್ತಾರು ಮನೆಗಳನ್ನು ಆಗಿನ ರಾಜ್ಯ ಸರ್ಕಾರ ವಶಕ್ಕೆ ತೆಗೆದುಕೊಂಡು ಕೆಡವಿತು. 2019ರಲ್ಲಿ ರಸ್ತೆ ತೆರೆಯಿತು. ಮನೆಯವರು ಒಂದು ಕಿಟಕಿ ಬದಲಾಯಿಸಲು ಅನುಮತಿಗೆ ಅಲೆಯಬೇಕು, ಸರ್ಕಾರ ಬುಲ್ಡೋಜರ್ ತಂದರೆ ಪರಂಪರೆ ಅಡ್ಡ ಬರುವುದಿಲ್ಲ. ಇದನ್ನು ಕಂಡವರಿಗೆ ‘ಆಮೇಲೆ ನೋಡುತ್ತೇವೆ’ ಅನ್ನೋ ಭರವಸೆ ಸಾಕಾಗೋದಿಲ್ಲ.

ಎರಡನೆಯದು ಮೂಲಸೌಕರ್ಯ. ಮನೆ ದುಪ್ಪಟ್ಟಾದರೆ ಶಾಲೆ, ಚರಂಡಿ, ಆಟದ ಮೈದಾನ ಎಲ್ಲಿಂದ ಬರುತ್ತದೆ? ಅನುಮತಿ ಮೊದಲು ಬರುತ್ತದೆ, ಶಾಲೆ ಹತ್ತು ವರ್ಷ ತಡವಾಗಿ ಬರುತ್ತದೆ.

ಮೂರನೆಯದು ಮರಗಳು. ಹಿತ್ತಲು ಹೋದರೆ ಮರ ಹೋಗುತ್ತದೆ, ಮರ ಹೋದರೆ ಬೇಸಿಗೆಯ ಸೆಕೆ ಏರುತ್ತದೆ. ನಾಲ್ಕನೆಯದು ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವ ವಾದ: ಹೊಸ ಅಪಾರ್ಟ್‌ಮೆಂಟ್ ಅಗ್ಗಕ್ಕೆ ಸಿಗುತ್ತದೆ ಅಂತ ಯಾರು ಹೇಳಿದರು? ಹಳೇ ಮನೆ ಕೆಡವಿ ಕಟ್ಟಿದ ಫ್ಲಾಟೂ ಮಿಲಿಯನ್ ಡಾಲರ್ ಆದರೆ ಬೀದಿ ಹೋಯಿತು, ಬಡವನಿಗೂ ಸಿಗಲಿಲ್ಲ.

ಕಟ್ಟಿ ಅನ್ನುವವರ ಲೆಕ್ಕ

ಎದುರು ಗುಂಪಿನಲ್ಲಿ ಬಾಡಿಗೆದಾರರು, ಯುವಜನ, ಅರ್ಥಶಾಸ್ತ್ರಜ್ಞರು, ಬಿಲ್ಡರುಗಳು ಎಲ್ಲ ಇದ್ದಾರೆ. ‘ನನ್ನ ಹಿತ್ತಲಲ್ಲೂ ಆಗಲಿ’ ಅನ್ನುವ ಯುವಕರ ಗುಂಪುಗಳು ತಮ್ಮನ್ನು ‘ಯಿಂಬಿ’ ಅಂತ ಕರೆದುಕೊಳ್ಳುತ್ತವೆ.

ಇವರ ಕೈಯಲ್ಲಿರುವ ಅಂಕಿಗಳು ಭಾರವಾಗಿವೆ. ಸಿಡ್ನಿಯಲ್ಲಿ ಒಂದು ಬಿಡಿ ಮನೆಯ ಮಧ್ಯಮ ಬೆಲೆ 16 ಲಕ್ಷ ಡಾಲರ್ ದಾಟಿದೆ, ಹೆಚ್ಚುಕಡಿಮೆ 9 ಕೋಟಿ ರೂಪಾಯಿ. ರಾಜ್ಯದ ಉತ್ಪಾದಕತಾ ಆಯೋಗ 2024ರಲ್ಲಿ ಕೊಟ್ಟ ವರದಿ ಹೇಳುವುದು ಹೀಗೆ: 2016ರಿಂದ 2021ರ ನಡುವೆ 30–40 ವಯಸ್ಸಿನ ಸುಮಾರು 70,000 ಜನ ಸಿಡ್ನಿ ಬಿಟ್ಟರು, ಬಂದವರು 35,000. ಇದು ಮೊಮ್ಮಕ್ಕಳಿಲ್ಲದ ನಗರ ಆಗುವ ಅಪಾಯ ಇದೆ ಅಂತ ಆಯೋಗದ ಮುಖ್ಯಸ್ಥರು ಎಚ್ಚರಿಸಿದರು. ಅದಕ್ಕೂ ಮುಂಚೆ, 2018ರಲ್ಲಿ, ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕಿನ ಒಂದು ಅಧ್ಯಯನ ಇನ್ನೊಂದು ಲೆಕ್ಕ ಕೊಟ್ಟಿತ್ತು. ವಲಯ ನಿಯಮಗಳ ಬಿಗಿಯಿಂದಾಗಿ 2016ರಲ್ಲಿ ಸಿಡ್ನಿಯ ಬಿಡಿ ಮನೆಯ ಬೆಲೆ ಅದನ್ನು ಒದಗಿಸಲು ತಗಲುವ ಖರ್ಚಿಗಿಂತ ಶೇ 73ರಷ್ಟು ಮೇಲಿತ್ತು ಅಂತ.

ಇದರ ತರ್ಕ ಇಷ್ಟೇ. ಒಂದು ಸೈಟಿನಲ್ಲಿ ಹತ್ತು ಮನೆ ಆಗಬಹುದಾದ ಕಡೆ ಒಂದೇ ಇರಲಿ ಅಂತ ನಿಯಮ ಮಾಡಿದರೆ ಉಳಿದ ಒಂಬತ್ತು ಕುಟುಂಬ ಎಲ್ಲಿಗೋ ಹೋಗಲೇಬೇಕು. ಕೆಲಸ, ರೈಲು, ಆಸ್ಪತ್ರೆ ಇರುವ ಜಾಗದಿಂದ 40–50 ಕಿಲೋಮೀಟರ್ ಆಚೆಗೆ ಹೋಗುತ್ತವೆ. ಬೇಸಿಗೆಯಲ್ಲಿ ಸಮುದ್ರದ ಗಾಳಿ ತಲುಪದ ಪಶ್ಚಿಮದ ಬಯಲಿಗೆ. ಅಲ್ಲಿ ಹೊಸ ರಸ್ತೆ, ಹೊಸ ಪೈಪು, ಹೊಸ ಶಾಲೆಗೆ ಸರ್ಕಾರ ಹೊಸದಾಗಿ ದುಡ್ಡು ಸುರಿಯಬೇಕು. ಹಳೇ ಬಡಾವಣೆಯ ಮರ ಉಳಿಯಿತು ನಿಜ, ಅದರ ಬದಲಿಗೆ ಅಂಚಿನಲ್ಲಿ ಹೊಲ, ಕಾಡು ಹೋಯಿತು.

ಹೊಸ ಫ್ಲಾಟು ದುಬಾರಿ ಅನ್ನುವ ವಾದಕ್ಕೂ ಇವರ ಬಳಿ ಉತ್ತರ ಇದೆ. ದುಡ್ಡಿರುವವನು ಹೊಸ ಫ್ಲಾಟಿಗೆ ಹೋದರೆ ಅವನು ಬಿಟ್ಟ ಹಳೇ ಮನೆ ಇನ್ನೊಬ್ಬನಿಗೆ ಸಿಗುತ್ತದೆ ಅಂತ. ನ್ಯೂಜಿಲೆಂಡಿನ ಆಕ್ಲೆಂಡ್ ನಗರ 2016ರಲ್ಲಿ ತನ್ನ ವಸತಿ ಪ್ರದೇಶದ ಸುಮಾರು ಮುಕ್ಕಾಲು ಭಾಗದಲ್ಲಿ ನಿಯಮ ಸಡಿಲಿಸಿತು. ಮುಂದಿನ ಐದಾರು ವರ್ಷದಲ್ಲಿ ಕಟ್ಟಡ ಅನುಮತಿಗಳು ಭರ್ಜರಿಯಾಗಿ ಏರಿದವು.

ಎಲ್ಲ ಅರ್ಥಶಾಸ್ತ್ರಜ್ಞರೂ ಒಪ್ಪುವುದಿಲ್ಲ. ಅನುಮತಿ ಸಿಕ್ಕರೂ ಬೆಲೆ ಬೀಳುವ ಹಾಗಿದ್ದರೆ ಬಿಲ್ಡರ್ ಕಟ್ಟದೇ ಕಾಯುತ್ತಾನೆ, ಹಾಗಾಗಿ ನಿಯಮ ಸಡಿಲಿಸಿದ ಮಾತ್ರಕ್ಕೆ ಮನೆ ಮಳೆಯ ಹಾಗೆ ಸುರಿಯುವುದಿಲ್ಲ ಅನ್ನುವವರೂ ಇದ್ದಾರೆ. ಇತ್ತೀಚಿನ ವರ್ಷಗಳು ಅವರ ಮಾತಿಗೆ ಸ್ವಲ್ಪ ಬಲ ಕೊಟ್ಟಿವೆ. 2022ರಲ್ಲಿ ಶೇ 0.10 ಇದ್ದ ರಿಸರ್ವ್ ಬ್ಯಾಂಕಿನ ಬಡ್ಡಿ ದರ 2023ರ ಕೊನೆಗೆ ಶೇ 4.35 ಆಯಿತು. ಸಿಮೆಂಟು, ಕೂಲಿ ಎಲ್ಲ ಏರಿತು. ಅನುಮತಿ ಪಡೆದ ಎಷ್ಟೋ ಯೋಜನೆಗಳು ಕಾಗದದಲ್ಲೇ ಉಳಿದವು.

ಕುರಿಂಗೈ ಕಂಡುಕೊಂಡ ದಾರಿ

ಈಗ ಕೋರ್ಟಿಗೆ ಹೋದ ಕೌನ್ಸಿಲ್ ಕಥೆ. ಸಿಡ್ನಿಯ ಉತ್ತರದ ಕುರಿಂಗೈ ಶ್ರೀಮಂತರ ಪ್ರದೇಶ. ದೊಡ್ಡ ಮರ, ದೊಡ್ಡ ಮನೆ. ಅದರೊಳಗಿನ ಕಿಲ್ಲಾರಾ ಬಡಾವಣೆಯನ್ನು ಮಾಡಿದವರು ಸ್ಟಾಂಟನ್‌ಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಅಂಗಡಿಗಳೇ ಬೇಡ ಅಂದಿದ್ದರು. 2024ರ ಮೇ ತಿಂಗಳಲ್ಲಿ ಗಾರ್ಡನ್, ಕಿಲ್ಲಾರಾ, ಲಿಂಡ್‌ಫೀಲ್ಡ್, ರೋಸ್‌ವಿಲ್ ಈ ನಾಲ್ಕು ಸ್ಟೇಷನ್‌ಗಳಿಗೆ ಹೊಸ ನಿಯಮ ಬಂತು. ಕೌನ್ಸಿಲ್ ಅದೇ ತಿಂಗಳು ಕೋರ್ಟಿಗೆ ಹೋಯಿತು. ಆಮೇಲೆ ಮಾತುಕತೆ ನಡೆದು, ಅಷ್ಟೇ ಮನೆಗಳಿಗೆ ಜಾಗ ಕೊಡುವ ಬೇರೆ ನಕ್ಷೆಯನ್ನು ನೀವೇ ತನ್ನಿ ಅನ್ನೋ ತೀರ್ಮಾನಕ್ಕೆ ಬಂದರು.

ಕೌನ್ಸಿಲ್ ತಂದ ನಕ್ಷೆ ಕುತೂಹಲದ್ದು. ಆರು ಅಂತಸ್ತಿನ ಕಟ್ಟಡಗಳನ್ನು ಎಲ್ಲ ಕಡೆ ಸಮನಾಗಿ ಹರಡುವ ಬದಲು ಸಂರಕ್ಷಿತ ಬೀದಿಗಳನ್ನು ಆದಷ್ಟು ಬಿಟ್ಟು, ಗಾರ್ಡನ್ ಮತ್ತು ಲಿಂಡ್‌ಫೀಲ್ಡ್ ಪೇಟೆಯ ನಡುವೆ 20ಕ್ಕೂ ಹೆಚ್ಚು ಅಂತಸ್ತಿನ ಗೋಪುರಗಳಿಗೆ ಜಾಗ ಕೊಟ್ಟಿತು. 2025ರಲ್ಲಿ ರಾಜ್ಯ ಸರ್ಕಾರ ಅದನ್ನು ಒಪ್ಪಿತು. ಆರು ಅಂತಸ್ತು ಬೇಡ ಅಂತ ಹೊರಟವರು ಕೊನೆಗೆ ಇಪ್ಪತ್ತಕ್ಕೆ ಸಹಿ ಹಾಕಿದರು. ತಮಾಷೆ ಅನ್ನಿಸಬಹುದು, ಆದರೆ ಇದರಲ್ಲಿ ಲೆಕ್ಕ ಇದೆ. ಮನೆಯ ಸಂಖ್ಯೆ ಮೊದಲೇ ನಿಗದಿಯಾದರೆ ಜಗಳ ‘ಬೇಕಾ ಬೇಡವಾ’ ಅನ್ನೋದರಿಂದ ‘ಎಲ್ಲಿ’ ಅನ್ನೋದಕ್ಕೆ ಇಳಿಯುತ್ತದೆ. ಆಗ ಪರಂಪರೆಯನ್ನು ಉಳಿಸಲು ಒಂದು ಬೆಲೆ ಕೊಡಬೇಕಾಗುತ್ತದೆ, ಆ ಬೆಲೆಯನ್ನು ಅದೇ ಕೌನ್ಸಿಲಿನೊಳಗೆ ಕೊಡಬೇಕಾಗುತ್ತದೆ.

ಇಷ್ಟು ವರ್ಷ ಆಗದೇ ಉಳಿದಿದ್ದು ಇದೇ ಅನ್ನೋದು ನನ್ನ ಅಭಿಪ್ರಾಯ. ಹ್ಯಾಬರ್‌ಫೀಲ್ಡ್‌ನಂಥ ಬೀದಿ ಉಳಿಸಿಕೊಳ್ಳಲು ಯೋಗ್ಯ. ಅಂಥದ್ದು ಇನ್ನೊಂದು ಕಟ್ಟಲು ಬರುವುದಿಲ್ಲ. ಆದರೆ ಅದನ್ನು ಉಳಿಸುವ ಖರ್ಚನ್ನು ಇಲ್ಲಿಯವರೆಗೆ ಕೊಡುತ್ತಾ ಬಂದವರು ಆ ಬೀದಿಯಲ್ಲಿ ಇಲ್ಲದವರು. ದೂರದ ಬಾಡಿಗೆ ಮನೆಯಿಂದ ದಿನಾ ಎರಡು ಮೂರು ಗಂಟೆ ರೈಲಿನಲ್ಲಿ ಓಡಾಡುವವರು. ಅವರಿಗೆ ಆ ಕೌನ್ಸಿಲಿನಲ್ಲಿ ವೋಟು ಇಲ್ಲ. ಇದ್ದವರು ಮಾತ್ರ ವೋಟು ಹಾಕುವ ಕಡೆ ಬರಬೇಕಾದವರ ಪರ ತೀರ್ಮಾನ ಆಗುವುದು ಅಪರೂಪ.

ನಮ್ಮವರಿಗೆ ಇದರಲ್ಲಿ ಏನು?

2021ರ ಜನಗಣತಿಯಲ್ಲಿ ಭಾರತದಲ್ಲಿ ಹುಟ್ಟಿದವರ ಸಂಖ್ಯೆ ಆಸ್ಟ್ರೇಲಿಯಾದಲ್ಲಿ 6,73,352. ಹೊರದೇಶದಲ್ಲಿ ಹುಟ್ಟಿದವರ ಪೈಕಿ ಆಗ ಇಂಗ್ಲೆಂಡ್ ಬಿಟ್ಟರೆ ಭಾರತವೇ ಮೊದಲಿತ್ತು. ಸಿಡ್ನಿಯಲ್ಲಿ ಇವರು ಹೆಚ್ಚಾಗಿ ನೆಲೆಸಿರುವುದು ಹ್ಯಾರಿಸ್ ಪಾರ್ಕ್, ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್, ಬ್ಲ್ಯಾಕ್‌ಟೌನ್, ಅದರಾಚೆಯ ಹೊಸ ಬಡಾವಣೆಗಳಲ್ಲಿ. ಅಲ್ಲಿನ ಕನ್ನಡದ ಕುಟುಂಬಗಳ ಕಥೆಯೂ ಬಹುಪಾಲು ಹಾಗೇ. ಅಂಗಡಿ, ದೇವಸ್ಥಾನ, ನೆಂಟರಿಷ್ಟರು ಹತ್ತಿರ ಇರಲಿ ಅನ್ನೋದು ಒಂದು ಕಾರಣ. ಹೊಸ ಮನೆ ಸಿಗುತ್ತಿದ್ದದ್ದೇ ಅಲ್ಲಿ ಅನ್ನೋದು ದೊಡ್ಡ ಕಾರಣ. 1950ರ ದಶಕದ ಇಟಲಿಯವನು ಕಾಲುವೆ ದಾಟಿ ಒಳ್ಳೇ ಬಡಾವಣೆಗೆ ಹೋದ. ಇವತ್ತು ಬಂದವನಿಗೆ ಆ ಕಾಲುವೆ ತುಂಬ ಅಗಲ.

ಇದಕ್ಕೆ ಇನ್ನೊಂದು ಕೆಟ್ಟ ಮುಖ ಇದೆ. ಮನೆ ಕಡಿಮೆ ಆದಾಗ ಸಿಟ್ಟು ನಿಯಮದ ಮೇಲೆ ತಿರುಗುವುದಿಲ್ಲ, ಮನುಷ್ಯರ ಮೇಲೆ ತಿರುಗುತ್ತದೆ. 2025ರ ಆಗಸ್ಟ್ 31ರಂದು ಸಿಡ್ನಿ, ಮೆಲ್ಬರ್ನ್ ಸೇರಿ ಹಲವು ನಗರಗಳಲ್ಲಿ ವಲಸೆ ವಿರೋಧಿ ಮೆರವಣಿಗೆಗಳು ನಡೆದವು. ಪ್ರಚಾರದ ಕರಪತ್ರದಲ್ಲಿ ಭಾರತೀಯರನ್ನು ಹೆಸರಿಸಿ ದೂರಲಾಗಿತ್ತು. ಕೇಂದ್ರ ಸಚಿವರು ಅದನ್ನು ಖಂಡಿಸಿದರು. ವಲಸೆಯಿಂದ ಮನೆಗೆ ಬೇಡಿಕೆ ಏರುವುದು ನಿಜವೇ. ಆದರೆ ಸ್ಟೇಷನ್ ಪಕ್ಕದ ಬೀದಿಯಲ್ಲಿ ಎರಡನೇ ಮನೆ ಬೇಡ ಅಂತ ದಶಕಗಟ್ಟಲೆ ನಿಯಮ ಮಾಡಿಕೊಂಡವರು ನಿನ್ನೆ ವಿಮಾನ ಇಳಿದವರಲ್ಲ.

ಮುಂದೆ ಏನಾಗಬಹುದು?

ಹ್ಯಾಬರ್‌ಫೀಲ್ಡ್‌ನ ಒಳಬೀದಿಗಳು ಸದ್ಯಕ್ಕೆ ಹೀಗೇ ಉಳಿಯುವ ಸಾಧ್ಯತೆ ಜಾಸ್ತಿ. ಇನ್ನರ್ ವೆಸ್ಟ್ ಕೌನ್ಸಿಲ್ 2025ರಲ್ಲಿ ತನ್ನದೇ ನಕ್ಷೆ ಮುಂದಿಟ್ಟಾಗ ಆಶ್‌ಫೀಲ್ಡ್, ಮ್ಯಾರಿಕ್‌ವಿಲ್, ಡಲ್ವಿಚ್ ಹಿಲ್‌ನಂಥ ಸ್ಟೇಷನ್ ಪ್ರದೇಶಗಳ ಮೇಲೇ ಗಮನ ಇಟ್ಟಿತು. ಕುರಿಂಗೈ ಮಾದರಿಯೂ ಅದೇ ದಿಕ್ಕಿನದು. ಹಾಗಾದರೆ ಅತಿ ಚೆಂದದ ಬೀದಿಗಳು ಬಚಾವು, ಪಕ್ಕದ ಸಾಮಾನ್ಯ ಬೀದಿಗಳಿಗೆ ಗೋಪುರ. ಆ ಸಾಮಾನ್ಯ ಬೀದಿಗಳಲ್ಲಿ ಇರುವವರು ಯಾರು? ಹೆಚ್ಚಾಗಿ ಬಾಡಿಗೆದಾರರು, ಹಳೇ ಅಗ್ಗದ ಫ್ಲಾಟುಗಳವರು. ಅವುಗಳನ್ನು ಕೆಡವಿದರೆ ಅವರು ಎಲ್ಲಿಗೆ ಹೋಗುತ್ತಾರೆ ಅನ್ನೋದು ಮುಂದಿನ ಜಗಳ.

ಒಳಗಿನಿಂದ ಆಗುವ ಬದಲಾವಣೆಯೂ ಇದೆ. ಹ್ಯಾಬರ್‌ಫೀಲ್ಡ್‌ನ ಇಟಲಿ ಮೂಲದ ಮೊದಲ ತಲೆಮಾರು ಮುಪ್ಪಾಗಿದೆ. ಮಕ್ಕಳು ಬೇರೆ ಕಡೆ ಇದ್ದಾರೆ. ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದರೂ ಮಾರಿ ಸಣ್ಣದಕ್ಕೆ ಹೋಗಬೇಕಾದರೆ ಹೊಸ ಮನೆಯ ನೋಂದಣಿ ತೆರಿಗೆಗೇ ಹತ್ತಾರು ಸಾವಿರ ಡಾಲರ್ ಬೇಕು. ಅದೂ ಅದೇ ಬಡಾವಣೆಯಲ್ಲಿ ಸಣ್ಣ ಮನೆ ಸಿಕ್ಕರೆ ತಾನೇ. ಒಂದು ಸೈಟಿಗೆ ಒಂದೇ ಮನೆ ಅಂದ ಕಡೆ ಸಣ್ಣ ಮನೆ ಎಲ್ಲಿರುತ್ತದೆ? ಹಾಗಾಗಿ ಮನೆ ಮಾರಾಟಕ್ಕೆ ಬರುವುದು ಸಾವಿನ ನಂತರ, ಕೊಳ್ಳುವವರು ಡಾಕ್ಟರೋ ಬ್ಯಾಂಕರೋ ಆಗಿರುತ್ತಾರೆ. ಹೆಂಚು, ಬಣ್ಣದ ಗಾಜು ಎಲ್ಲ ಇರುತ್ತದೆ. ಆ ಪಾಸ್ತಾ ಅಂಗಡಿಗಳನ್ನು ತಂದ ತರಹದ ಜನ ಮತ್ತೆ ಬರುವುದಿಲ್ಲ.

2027ರ ಮಾರ್ಚಿನಲ್ಲಿ ರಾಜ್ಯದ ಚುನಾವಣೆ ಇದೆ. ಮನೆ ಗುರಿಯ ಗಡುವು 2029ರ ಮಧ್ಯಭಾಗಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ನೋಡಬೇಕಾದದ್ದು ಅನುಮತಿಯ ಸಂಖ್ಯೆಯನ್ನಲ್ಲ, ಕೀಲಿಕೈ ಕೈಗೆ ಸಿಕ್ಕ ಮನೆಗಳ ಸಂಖ್ಯೆಯನ್ನು. ಅದು ಏರದಿದ್ದರೆ ಸರ್ಕಾರ ಇನ್ನಷ್ಟು ನಿಯಮ ಸಡಿಲಿಸುತ್ತದೆ, ಆಗ ಸಂರಕ್ಷಿತ ಬಡಾವಣೆಗಳ ಸರದಿ ಬರಬಹುದು. ಅದನ್ನು ತಪ್ಪಿಸಬೇಕಾದರೆ ಆಶ್‌ಫೀಲ್ಡ್ ಸ್ಟೇಷನ್ ಪಕ್ಕದ ಗೋಪುರ ಬೇಗ ಎದ್ದು ನಿಲ್ಲಲಿ ಅಂತ ಎಲ್ಲರಿಗಿಂತ ಜಾಸ್ತಿ ಹಾರೈಸಬೇಕಾದವರು ಹ್ಯಾಬರ್‌ಫೀಲ್ಡ್‌ನವರೇ.